ಆರಡಿ ನೀರು

ಬೆಳಗಿನಿಂದ ವೆಂಗ್ ರುಯಿಲಿನ್‌ಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಹಡಗುಕಟ್ಟೆಯ ನಕ್ಷೆಮನೆಯಲ್ಲಿದ್ದರೆ ಅವಕ್ಕೆ ಕೆಲಸವಿರುತ್ತಿತ್ತು. ಕುಂಚವನ್ನೋ ಅಳತೆಪಟ್ಟಿಯನ್ನೋ ಹಿಡಿದುಕೊಂಡು ತಮ್ಮ ಪಾಡಿಗೆ ತಾವು ಇರುತ್ತಿದ್ದವು. ಇಲ್ಲಿ, ತಾನೇ ಗೆರೆ ಎಳೆದು ಹುಟ್ಟಿಸಿದ ತೋಪುನಾವೆಯ ಡೆಕ್ಕಿನ ಮೇಲೆ, ಅವು ಯಾರೋ ಮರೆತುಹೋದ ಸಾಮಾನಿನ ಹಾಗೆ ಮೈಯ ಎರಡೂ ಬದಿಗೆ ತೂಗುತ್ತಿದ್ದವು. ಬೆನ್ನ ಹಿಂದೆ ಕಟ್ಟಿಕೊಂಡ. ಅಧಿಕಾರಿಯ ಠೀವಿ ಬಂತೆಂದು ನಾಚಿ ಬಿಟ್ಟ. ಅಂಗಿಯ ಅಗಲ ತೋಳುಗಳೊಳಗೆ ತೂರಿಸಿದ. ಸಾವಿನ ಮನೆಗೆ ಬಂದವನಂತೆ ಕಂಡೀತೆಂದು ಹೊರಗೆ ತೆಗೆದ. ಹಗ್ಗದ ಸುರುಳಿ ಹೊತ್ತ ನಾವಿಕನೊಬ್ಬ ‘ಸ್ವಲ್ಪ’ ಎಂದು ಭುಜ ಹಿಡಿದು, ಪೆಟ್ಟಿಗೆ ಸರಿಸುವಂತೆ ಅವನನ್ನು ಒಂದು ಮಾರು ಆಚೆಗೆ ಸರಿಸಿ ಹೋದ. ಇವನಿಗೆ ನಾನು ಯಾರೆಂದು ಗೊತ್ತಿಲ್ಲ ಎಂದುಕೊಂಡ ರುಯಿಲಿನ್. ಗೊತ್ತಿದ್ದರೂ ಸರಿಸುತ್ತಿದ್ದ ಎಂದೂ ಅನ್ನಿಸಿತು. ಕೆಳಗೆ ಬಾಯ್ಲರ್ ಹಸಿದ ಪ್ರಾಣಿಯಂತೆ ಉಸಿರುಬಿಡುತ್ತಿತ್ತು. ನದಿಯ ಎರಡೂ ದಡದ ಆಲದ ಮರಗಳು ನಿಧಾನವಾಗಿ ಹಿಂದಕ್ಕೆ ಸರಿಯುತ್ತಿದ್ದವು.

ಪರದೇಶದ ಮುದಿ ಎಂಜಿನಿಯರ್ ತನ್ನ ಊರಿಗೆ ಹಿಂತಿರುಗುವ ಮುನ್ನ ಈ ನಾವೆಯ ನಕ್ಷೆಯನ್ನು ನೋಡಿ ನಕ್ಕಿದ್ದ. ಕೆಟ್ಟ ನಗೆಯಲ್ಲ, ಮಗು ಅಪ್ಪನ ಚಪ್ಪಲಿ ಹಾಕಿಕೊಂಡಾಗ ನಗುವಂಥದ್ದು. ಅದಕ್ಕೇ ಅದು ಹೆಚ್ಚು ಉರಿದಿತ್ತು. ಇಷ್ಟು ತೆಳ್ಳಗಿನ ಒಡಲು, ಆರೇ ಅಡಿ ನೀರಿನಲ್ಲಿ ಓಡುವಂಥದ್ದು, ಅದರ ಮೂತಿಯ ಮೇಲೆ ದೊಡ್ಡ ಹಡಗಿನ ತೋಪು. ಮೊದಲ ಹೊಡೆತಕ್ಕೇ ನಿನ್ನ ಡೆಕ್ಕು ಕುಂಬಳಕಾಯಿಯಂತೆ ಸೀಳುತ್ತದೆ, ವೆಂಗ್, ಎಂದು ಹೇಳಿ ಬೆನ್ನು ತಟ್ಟಿದ್ದ. ತಟ್ಟಿದ ಜಾಗ ಎರಡು ವರ್ಷದಿಂದ ಬೆನ್ನಿನಲ್ಲಿ ಹಾಗೇ ಉಳಿದಿತ್ತು. ಆಮೇಲೆ ಹೆಂಡತಿಯ ಪಕ್ಕದಲ್ಲಿ ಮಲಗಿದಾಗಲೂ, ಅನ್ನ ಉಣ್ಣುವಾಗಲೂ ರುಯಿಲಿನ್ ಆ ಹೊಡೆತವನ್ನೇ ಯೋಚಿಸಿದ್ದ. ತೋಪು ಒದೆಯುತ್ತದೆ, ಒದೆತ ಎಲ್ಲಿಗೆ ಹೋಗಬೇಕು? ಡೆಕ್ಕಿನಿಂದ ತೊಲೆಗೆ, ತೊಲೆಯಿಂದ ಓರೆಯಾಗಿ ಕಬ್ಬಿಣದ ಪಟ್ಟಿಗಳಿಗೆ, ಪಟ್ಟಿಗಳಿಂದ ಪಕ್ಕೆಲುಬುಗಳಿಗೆ, ಅಲ್ಲಿಂದ ತಳದ ಬೆನ್ನುಮೂಳೆಗೆ. ನೋವು ಮನೆತನವೊಂದರಲ್ಲಿ ಹಂಚಿಹೋಗುವ ಹಾಗೆ, ಯಾರೊಬ್ಬರೂ ಮುರಿಯದ ಹಾಗೆ. ಆ ಪಟ್ಟಿಗಳನ್ನು ಏರಿಸುವಾಗ ಸರಪಳಿ ಜಾರಿ, ದಪ್ಪ ಪಟ್ಟಿಯೊಂದು ಕೆಳಗೆ ನಿಂತಿದ್ದವನ ಭುಜದಿಂದ ತೋಳನ್ನು ಕಡಿದೇಬಿಟ್ಟಿತ್ತು. ತೋಳು ಹಲಗೆಗಳ ನಡುವೆ ಬಿದ್ದು, ಬೆರಳು ಸುತ್ತಿಗೆಯನ್ನು ಇನ್ನೂ ಹಿಡಿದೇ ಇತ್ತು. ರುಯಿಲಿನ್ ಓಡಿ ಬಂದವನು ಮೊದಲು ನೋಡಿದ್ದು ಪಟ್ಟಿ ಬಾಗಿದೆಯೋ ಎಂದು. ಬಾಗಿರಲಿಲ್ಲ. ಆ ಸಮಾಧಾನ ಎದೆಯಲ್ಲಿ ಮೂಡಿದ್ದನ್ನು ಅವನು ಕಂಡಿದ್ದ. ಕಂಡು, ಕಾಣದವನಂತೆ ಇದ್ದ.

‘ಏನ್ ಭಾವ, ಮದುವೆ ಗಂಡಿನ ಥರ ನಿಂತ್ಬಿಟ್ಟಿದೀರಲ್ಲ?’

ರಿವೆಟ್ ಮೊಳೆ ಬಡಿಯುವವರ ಮೇಸ್ತ್ರಿ ಲುವೋ ತಿಯೆಶೆಂಗ್, ಹೆಂಡತಿ ಸುಝೆನ್‌ಳ ತಮ್ಮ. ಇವತ್ತು ಪರೀಕ್ಷೆಗೆಂದು ಮೊದಲ ಸಲ ತೋಪು ಹಾರಿಸಿದ ಮೇಲೆ ಜೋಡಣೆಯ ಬಿರುಕುಗಳನ್ನು ನೋಡಲು ಹಡಗುಕಟ್ಟೆಯಿಂದ ಕಳಿಸಿದ್ದು ಇವರಿಬ್ಬರನ್ನೇ. ಜಡೆಯನ್ನು ತಲೆಗೆ ಸುತ್ತಿಕೊಂಡು, ಉದ್ದ ಹಿಡಿಯ ಸುತ್ತಿಗೆಯನ್ನು ಹೆಗಲಿಗೆ ಒರಗಿಸಿಕೊಂಡು ಹಲ್ಲು ಕಿರಿಯುತ್ತಿದ್ದ.

‘ಹೊಟ್ಟೆ ಸರಿಯಿಲ್ಲ ಕಣೋ.’

‘ಹಡಗು ಮಾಡೋರಿಗೇ ಹಡಗು ಆಗಿಬರಲ್ಲ! ಯಾರ ಹತ್ರಾನೂ ಹೇಳ್ಬೇಡಿ, ನಗ್ತಾರೆ.’ ಕೊರಳಲ್ಲಿ ದಾರಕ್ಕೆ ಪೋಣಿಸಿಕೊಂಡಿದ್ದ ತೂತುರೊಟ್ಟಿಗಳಲ್ಲಿ ಒಂದನ್ನು ಮುರಿದು ಕೊಟ್ಟ. ‘ತಿನ್ನಿ, ಅಮ್ಮ ಕಳಿಸಿದ್ದು. ಓದಿದ ಅಳಿಯಂದಿರಿಗೆ ಎಳ್ಳು ಜಾಸ್ತಿ ಹಾಕಿದೀನಿ ಅಂತ ಹೇಳಿದ್ಲಂತೆ. ಹೊತ್ತು ಹೆತ್ತ ಮಗನಿಗೆ ಬರೀ ಹಿಟ್ಟು.’

ಅತ್ತೆ. ನಾವೆ ನೀರಿಗಿಳಿಸುವ ದಿನ ಅವಳು ಊರಿನಿಂದ ಕೆಸುವಿನ ಗೆಡ್ಡೆಯ ಬುಟ್ಟಿ ಹೊತ್ತು ಬಂದಿದ್ದಳು. ಎಲ್ಲರೂ ಬಣ್ಣ, ಬಾವುಟ, ಪಟಾಕಿ ನೋಡುತ್ತಿದ್ದರೆ ಅವಳೊಬ್ಬಳೇ ಹತ್ತಿರ ಹೋಗಿ ಒಡಲನ್ನು, ಎಮ್ಮೆಯ ಪಕ್ಕೆ ಮುಟ್ಟಿ ನೋಡುವವರಂತೆ, ಅಂಗೈಯಲ್ಲಿ ತಟ್ಟಿ, ‘ಇಷ್ಟು ಕಬ್ಬಿಣ ತೇಲುತ್ತಾ ಅಳಿಯಂದಿರೇ?’ ಎಂದು ಕೇಳಿದ್ದಳು. ತೇಲುತ್ತೆ ಅತ್ತೆ ಎಂದಾಗ, ಅವನ ತೋಳಂಚಿನ ಮಸಿಯ ಕಲೆ ನೋಡಿ, ಬಿಚ್ಚಿಕೊಡಿ, ಅಕ್ಕಿ ತೊಳೆದ ನೀರಿನಲ್ಲಿ ಒಗೆದರೆ ಹೋಗುತ್ತೆ ಎಂದಿದ್ದಳು. ರುಯಿಲಿನ್‌ಗೆ ಸ್ವಂತ ತಾಯಿಯ ಮುಖ ನೆನಪಿರಲಿಲ್ಲ.

ನಾವೆ ಬಲಕ್ಕೆ ತಿರುಗಿತು. ದೊಡ್ಡ ನದಿ ಬಿಟ್ಟು ತೊರೆಯ ಬಾಯಿಗೆ ಇಳಿಯಿತು. ಎರಡೂ ಕಡೆಯಿಂದ ಜೊಂಡು ಒತ್ತಿಕೊಂಡು ಬಂತು, ನೀರು ತಳ್ಳುವ ಚಕ್ರದ ಕೆಸರು ಹಿಂದೆ ಹಳದಿಯಾಗಿ ಎದ್ದಿತು. ಮುಂದೆ ಕುಳಿತ ನಾವಿಕ ಬಿದಿರುಗೋಲು ಇಳಿಸಿ ಆಳ ಕೂಗುತ್ತಿದ್ದ. ತಳ ತಾಗಲಿಲ್ಲ. ತಾಗದೆ ತಾಗದೆ ತನ್ನ ನಾವೆ ಒಳನುಸುಳುವುದನ್ನು ನೋಡಿ ರುಯಿಲಿನ್‌ನ ಹೊಟ್ಟೆಯ ಸಂಕಟವೇ ನಿಂತಿತು. ಗುರಿ ಹೊಡೆಯುವುದು ನದಿಯ ಮೇಲ್ಗಡೆಯ ಮರಳದಿಬ್ಬಕ್ಕೆ ಎಂದಲ್ಲವೇ ಹೇಳಿದ್ದು ಎಂಬುದು ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು. ಪಕ್ಕಕ್ಕೆ ನೋಡಿದರೆ ತಿಯೆಶೆಂಗ್‌ನ ನಗು ಮುಖದ ಮೇಲೇ ಒಣಗಿತ್ತು.

‘ಭಾವ, ಇದು ನಮ್ಮೂರಿನ ತೊರೆ.’

ಕಪ್ತಾನ ಕ್ವಾಂಗ್ ಮೇಲಿನ ಕಟ್ಟೆಯಿಂದ ಇಳಿದು ಬಂದ. ತೆಳ್ಳನೆಯ ಮನುಷ್ಯ, ಯಾವಾಗಲೂ ನೆಗಡಿಯಾದವನಂತೆ ಮೆಲ್ಲಗೆ ಮಾತಾಡುವವನು. ‘ಮರಳಿಗೆ ಹೊಡೆದು ಏನ್ರೀ ಗೊತ್ತಾಗುತ್ತೆ? ಮರಳು ಕೂಗುತ್ತಾ?’ ಎಂದ. ‘ಲುವೋವಾನ್ ಊರಿನವರು ತೆರಿಗೆ ಕೊಡದೆ ಕದ್ದು ಉಪ್ಪು ಕಾಯಿಸ್ತಾರೆ. ಕೇಳೋಕೆ ಹೋದ ಕಾವಲಿನವರಿಬ್ಬರ ತಲೆ ಬಿದಿರಿಗೆ ಸಿಕ್ಕಿಸಿ ನಿಲ್ಲಿಸಿದ್ದಾರೆ. ದೊಡ್ಡ ಹಡಗು ಇಲ್ಲಿಗೆ ಬರಲ್ಲ ಅಂತ ಧೈರ್ಯ. ಬಂತಲ್ಲ ಈಗ?’ ರುಯಿಲಿನ್‌ನ ಕಡೆ ನೋಡಿ ಸಣ್ಣಗೆ ತಲೆಬಾಗಿದ. ಅದು ಮರ್ಯಾದೆ. ಈ ಮನುಷ್ಯನಿಂದ ರುಯಿಲಿನ್‌ಗೆ ಸಿಕ್ಕ ಮೊದಲ ಮರ್ಯಾದೆ.

ತಿರುವು ಕಳೆದ ಕೂಡಲೇ ಊರು ಕಂಡಿತು. ಉಪ್ಪಿನ ಒಲೆಗಳ ಹೊಗೆ, ಕರಿಹೆಂಚಿನ ಸಾಲುಮನೆ, ಎಲ್ಲಕ್ಕಿಂತ ಎತ್ತರಕ್ಕೆ ಮನೆತನದ ಗತಿಸಿದ ಹಿರಿಯರ ಗುಡಿಯ ಡೊಂಕು ಸೂರು. ದಡದಲ್ಲಿ ಎರಡು ಬಿದಿರು, ಅವುಗಳ ತುದಿಯಲ್ಲಿ ಕಪ್ಪಗೆ ಏನೋ. ಜನ ಓಡುತ್ತಿದ್ದರು. ತಿಯೆಶೆಂಗ್ ಸುತ್ತಿಗೆ ಕೆಳಗಿಟ್ಟು, ಹಣೆ ಹಲಗೆಗೆ ತಗಲುವಂತೆ ಕ್ವಾಂಗ್‌ನ ಮುಂದೆ ಬಿದ್ದ.

‘ದಣಿ, ನಮ್ಮೂರು ದಣಿ. ನನ್ನನ್ನ ಸಣ್ಣ ದೋಣೀಲಿ ಇಳಿಸಿ. ಕೊಂದೋರನ್ನ ನಾನೇ ಹೆಡೆಮುರಿ ಕಟ್ಟಿ ತರ್ತೀನಿ. ಒಂದು ಗಳಿಗೆ ಕೊಡಿ.’

‘ಒಂದು ಗುಂಡು ಹೊಡೆದ ಮೇಲೆ ಹೋಗು. ಮಾತು ಬೇಗ ಮುಗಿಯುತ್ತೆ.’

‘ಗುಡಿಗೆ ಗುರಿ ಇಡ್ತಿದಾರೆ ದಣಿ! ಗಲಾಟೆ ಆದ್ರೆ ಹೆಂಗಸರು ಮಕ್ಕಳು ಓಡಿ ಸೇರೋದು ಅಲ್ಲೇ. ಗೋಡೆ ದಪ್ಪ ಇದೆ ಅಂತ. ನಮ್ಮಮ್ಮ ಅಲ್ಲಿರ್ತಾಳೆ. ಭಾವ, ಹೇಳಿ, ನೀವಾದ್ರೂ ಹೇಳಿ!’

ಕ್ವಾಂಗ್ ರುಯಿಲಿನ್‌ನ ಕಡೆ ತಿರುಗಿದ. ‘ನೀವೇನಾದರೂ ಹೇಳೋದಿದೆಯಾ?’ ಇತ್ತು. ಬಾಯಿ ತೆರೆದ. ನಾಲಿಗೆ ತುದಿಯಲ್ಲಿ ಎಳ್ಳಿನ ಕಾಳೊಂದು ಸಿಕ್ಕಿಕೊಂಡಿತ್ತು. ಡೆಕ್ಕಿನ ಮೇಲೆ ಎಲ್ಲರೂ ಕೈಕೆಲಸ ಬಿಟ್ಟು ಅವನನ್ನು ನೋಡುತ್ತಿದ್ದರು, ಭುಜ ಹಿಡಿದು ಸರಿಸಿದ ನಾವಿಕನೂ. ಒಳಗಿನಿಂದ ಎದ್ದ ಮಾತು ಗಂಟಲಿಗೆ ಬರುವಷ್ಟರಲ್ಲಿ ಬೇರೆಯೇ ಆಗಿತ್ತು: ‘ಮೊದಲ ಹೊಡೆತಕ್ಕೆ ಮುಂದಿನ ಡೆಕ್ಕಿನ ಕೆಳಗೆ ಯಾರೂ ಇರಬಾರದು ದಣಿ. ಏನಾದರೂ ಬಿಟ್ಟುಕೊಂಡರೆ ಅಪಾಯ.’ ತನ್ನ ಧ್ವನಿ ಎಷ್ಟು ಶಾಂತವಾಗಿದೆ ಎಂದು ಅವನಿಗೇ ಆಶ್ಚರ್ಯವಾಯಿತು. ತಿಯೆಶೆಂಗ್ ತಲೆ ಎತ್ತಿ ನೋಡಿದ. ಬೈಯಲಿಲ್ಲ. ಗುರುತು ಸಿಗದವನನ್ನು ನೋಡುವಂತೆ ನೋಡಿದ.

ಹೊಡೆದಾಗ ಶಬ್ದ ಮೊದಲು ಕಿವಿಗೆ ಬರಲಿಲ್ಲ, ಹಲ್ಲಿಗೆ ಬಂತು, ಮಂಡಿಗೆ ಬಂತು. ಬೆಳಕು ಒಂದು ಕ್ಷಣ ಬಿಳಿಯ ಬಟ್ಟೆಯಾಗಿ ಮುಖಕ್ಕೆ ಅಪ್ಪಳಿಸಿತು. ತೋಪು ತನ್ನ ಹಳಿಯ ಮೇಲೆ ಹಿಂದಕ್ಕೆ ನುಗ್ಗಿ, ಎರಡು ವರ್ಷ ಅವನ ಕನಸಿನಲ್ಲಿ ನುಗ್ಗಿದಂತೆಯೇ ನುಗ್ಗಿ, ನಿಂತಿತು. ಮೂತಿ ನೀರಿಗೆ ಮುಳುಗಿ ಎದ್ದಿತು. ಹೊಗೆ ಇನ್ನೂ ತಿಳಿಯಾಗಿರಲಿಲ್ಲ, ರುಯಿಲಿನ್ ಕೆಳಗಿನ ಕಿಂಡಿಯಿಂದ ಇಳಿದು ಹೋಗಿಯಾಗಿತ್ತು. ಕತ್ತಲಲ್ಲಿ ಲಾಂದ್ರ ಹಿಡಿದು, ಮಂಡಿಯೂರಿ, ತೊಲೆಗಳನ್ನು ಒಂದೊಂದಾಗಿ ಮುಟ್ಟಿದ. ಓರೆಪಟ್ಟಿಗಳ ಸಂದಿಯಲ್ಲಿ ಉಗುರು ತೂರಿಸಿ ನೋಡಿದ, ಉಗುರೂ ಹೋಗಲಿಲ್ಲ. ಕಬ್ಬಿಣ ಬೆಚ್ಚಗಿತ್ತು, ಮಲಗಿ ಎದ್ದ ಮಗುವಿನ ಬೆನ್ನಿನಷ್ಟು. ಒದೆತ ಇಲ್ಲಿಂದ ಹಾದುಹೋಗಿತ್ತು, ಅವನು ಹೇಳಿದ ದಾರಿಯಲ್ಲೇ, ಹೇಳಿದ ಮಾತು ಕೇಳಿ. ಅವನು ಕೆನ್ನೆಯನ್ನು ಪಟ್ಟಿಗೆ ಒತ್ತಿದ. ನಗುತ್ತಿದ್ದೇನೆ ಎಂದು ತಿಳಿಯಿತು, ಕಣ್ಣಲ್ಲಿ ನೀರು ಬರುತ್ತಿದೆ ಎಂದೂ. ಸೀಳಲಿಲ್ಲ, ಸೀಳಲಿಲ್ಲ ಎಂದು ಆ ಕತ್ತಲಿಗೆ, ಸಮುದ್ರದಾಚೆಯ ಆ ಮುದುಕನಿಗೆ ಹೇಳಿದ. ಜೀವಮಾನದಲ್ಲಿ ಇಷ್ಟು ಸಂತೋಷ ಅವನಿಗೆ ಒಮ್ಮೆಯೂ ಆಗಿರಲಿಲ್ಲ, ಮಗ ಹುಟ್ಟಿದಾಗಲೂ. ಮೇಲೆ ಯಾರೋ ಅರಚುತ್ತಿರುವುದು ಎಷ್ಟು ಹೊತ್ತಿನಿಂದ ಕೇಳಿಸುತ್ತಿತ್ತೋ.

ಹತ್ತಿ ಬಂದಾಗ ಗುಡಿ ನಿಂತೇ ಇತ್ತು. ಗುಂಡು ಸೂರಿನ ಮೇಲಿಂದ ಹಾರಿ ಹಿಂದಿನ ಗದ್ದೆಗೆ ಬಿದ್ದಿತ್ತು. ಅಲ್ಲೊಂದು ಎಮ್ಮೆಯ ಮುಂದಿನ ಅರ್ಧ ದೇಹ ಮಾತ್ರ ಏಳಲು ಒದ್ದಾಡುತ್ತಿತ್ತು. ಡೆಕ್ಕಿನ ಮೇಲೆ ತಿಯೆಶೆಂಗ್ ಸುತ್ತಿಗೆ ಬೀಸುತ್ತಿದ್ದ. ತೋಪಿನ ಬಾಯನ್ನು ಏರಿಸಿ ಇಳಿಸುವ ಚಕ್ರಕ್ಕೆ, ರಿವೆಟ್ ಬಡಿಯುವ ಅದೇ ಲಯದಲ್ಲಿ, ಮೈಯೆಲ್ಲ ಹಿಂದಕ್ಕೆ ಬಾಗಿಸಿ ಒಂದು, ಮೈಯೆಲ್ಲ ಮುಂದಕ್ಕೆ ಬಿಟ್ಟು ಎರಡು. ಚಕ್ರದ ಅರ್ಧ ಕಿತ್ತು ಹೋಗಿ ತೋಪಿನವನೊಬ್ಬನ ದವಡೆಗೆ ಬಡಿದಿತ್ತು. ಅವನು ಬಾಯಿಂದ ಹಲ್ಲುಗಳನ್ನು ಅಂಗೈಗೆ ಉಗುಳಿಕೊಂಡು, ಏನೆಂದು ತಿಳಿಯದವನಂತೆ ನೋಡುತ್ತಿದ್ದ. ನಾಲ್ವರು ಬಂದೂಕಿನ ಹಿಂಬದಿಯಿಂದ ತಿಯೆಶೆಂಗ್‌ನನ್ನು ಬಡಿದರು. ಮೊದಲು ಬೆನ್ನಿಗೆ, ಬೀಳಲಿಲ್ಲ. ಮಂಡಿಯ ಹಿಂದೆ, ಬಿದ್ದ. ಬಿದ್ದ ಮೇಲೆ, ಸುತ್ತಿಗೆ ಬಿಡದ ಬಲಗೈಯನ್ನು ಹಲಗೆಗೆ ಚಾಚಿ ಹಿಡಿದು, ಮೊಣಕೈಯ ಮೇಲೆ ಒಬ್ಬ ನಿಂತು ಇನ್ನೊಬ್ಬ ಹೊಡೆದ. ಸೌದೆ ಮುರಿದ ಸದ್ದು ಬಂತು. ಹಸಿ ಸೌದೆ. ಆಮೇಲೂ ಹೊಡೆದರು, ಬಾಯಿಗೆ, ಪಕ್ಕೆಗೆ, ಕೆಲಸ ಮುಗಿಯಿತೆಂದು ಯಾರೂ ಹೇಳದೆ ಇದ್ದುದರಿಂದ. ಕ್ವಾಂಗ್ ಮೂಗು ಒರೆಸಿಕೊಂಡು ‘ಸಾಕು, ಕಟ್ಟಿ’ ಎಂದ.

ಆಮೇಲೆ ಚಕ್ರದ ಹತ್ತಿರ ಬಂದು, ಬಗ್ಗಿ ನೋಡಿ, ರುಯಿಲಿನ್‌ನನ್ನು ಕೇಳಿದ: ‘ಹೊಡೆಯೋಕಾಗುತ್ತಾ ಇದು?’

ಆಗಲ್ಲ ಎಂದರೆ ಮುಗಿಯಿತು. ಈ ಡೆಕ್ಕಿನ ಮೇಲೆ ಬೇರೆ ಯಾರಿಗೂ ತಿಳಿಯದು. ಒಂದು ಶಬ್ದ. ರುಯಿಲಿನ್ ಆ ಶಬ್ದವನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡ. ಅದರ ರುಚಿಯೂ ಗೊತ್ತಾಯಿತು. ಕ್ವಾಂಗ್ ತಾನೇ ಉತ್ತರ ಊಹಿಸಿಕೊಂಡು ನಿಟ್ಟುಸಿರುಬಿಟ್ಟ. ‘ಒಂದೇ ಗುಂಡಿಗೆ ಸತ್ತುಹೋಯ್ತಲ್ಲಪ್ಪ ನಿನ್ನ ದೋಣಿ. ಆ ಪರದೇಶಿ ಹೇಳಿದ್ದೇ ಸರಿ ಅಂತ ಮೇಲಿನವರಿಗೆ ಹೇಳ್ಬೇಕು ನಾನು.’ ‘ನೀವು’ ಹೋಗಿ ‘ನೀನು’ ಬಂದಿತ್ತು. ಭುಜ ಹಿಡಿದಿದ್ದ ನಾವಿಕ ಫಕ್ಕನೆ ನಕ್ಕ. ಆ ನಗೆ ಬೆನ್ನಿನ ಮೇಲೆ, ಅದೇ ಜಾಗದಲ್ಲಿ ಬಂದು ಕೂತಿತು.

‘ದೋಣಿಗೆ ಏನೂ ಆಗಿಲ್ಲ,’ ಎಂದ ರುಯಿಲಿನ್. ‘ಒಂದು ಕೂದಲೆಳೆ ಬಿರುಕೂ ಇಲ್ಲ. ಮುರಿದಿರೋದು ಹೊರಗಿನ ಚಕ್ರ. ಒಳಗಿನ ತಿರುಪು ಸರಿಯಾಗೇ ಇದೆ. ದೊಡ್ಡ ಪಾನಾ ಹಾಕಿ ತಿರುಗಿಸಬಹುದು.’

‘ಯಾರು ತಿರುಗಿಸ್ತಾರೆ?’

ಪಾನಾ ತಂದರು. ಅವನ ಕೈಗಳಿಗೆ ಕಡೆಗೂ ಒಂದು ಕೆಲಸ ಸಿಕ್ಕಿತ್ತು. ತಿರುಪಿನ ತಲೆಗೆ ಪಾನಾ ಕೂರಿಸುವಾಗ, ಇದನ್ನು ಜಾರಿಸಿಬಿಡಬಹುದು, ತಿರುಪಿನ ತಲೆ ಸವೆಸಿಬಿಡಬಹುದು ಎಂದು ಒಬ್ಬ ರುಯಿಲಿನ್ ಯೋಚಿಸುತ್ತಿದ್ದ. ಇನ್ನೊಬ್ಬ, ತೋಪಿನವನು ‘ಇನ್ನೂ ಕೆಳಗೆ, ಇನ್ನೂ ಸ್ವಲ್ಪ’ ಎಂದಂತೆ, ಒಂದಿಷ್ಟೂ ಹೆಚ್ಚುಕಡಿಮೆಯಾಗದಂತೆ ತಿರುಗಿಸುತ್ತಿದ್ದ. ಕೆಟ್ಟದಾಗಿ ಕೆಲಸ ಮಾಡುವುದನ್ನು ಆ ಕೈಗಳಿಗೆ ಯಾರೂ ಕಲಿಸಿರಲಿಲ್ಲ. ಅದು ನೆಪ ಎಂದೂ ಅವನಿಗೆ ಗೊತ್ತಿತ್ತು.

ಎರಡನೆಯ ಗುಂಡು ಗುಡಿಯ ಗೋಡೆಯ ನಡುಮಧ್ಯಕ್ಕೆ ಹೋಯಿತು. ಡೊಂಕು ಸೂರು ಮೊದಲು ಮೇಲಕ್ಕೆದ್ದಿತು, ಕೋಳಿ ರೆಕ್ಕೆ ಕೊಡವಿದ ಹಾಗೆ. ನಿಧಾನವಾಗಿ ತನ್ನೊಳಕ್ಕೆ ತಾನೇ ಕೂತಿತು. ಹೆಂಚು ಬೀಳುವುದು ಎಷ್ಟೋ ಹೊತ್ತು ನಿಲ್ಲಲಿಲ್ಲ. ಧೂಳಿನಿಂದ ಒಬ್ಬಳು ಹೊರಗೆ ಬಂದಳು, ನಡೆದೇ ಬಂದಳು, ಮಡಿಲಲ್ಲಿ ಏನನ್ನೋ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು; ನೀರಿನಂಚಿಗೆ ಬಂದು ಕೈ ಬಿಟ್ಟಾಗ ಅದು ಅವಳದೇ ಕರುಳು ಎಂದು ತಿಳಿಯಿತು. ಅತ್ತೆಯಲ್ಲ. ಅತ್ತೆಯಲ್ಲ ಎಂದು ಅವನು ಬಿಟ್ಟ ಉಸಿರು ಬಾಯಿಂದ ಹೊರಗೆ ಬಿದ್ದು ನಾರಿತು. ಆಗ ಕೂಗು ಕೇಳಿಸಿತು. ಒಂದು ಗಂಟಲಿನದಲ್ಲ, ಊರಿಗೆ ಊರೇ ಒಂದೇ ಸ್ವರದಲ್ಲಿ.

‘ಭಾವ.’ ಕಂಬಕ್ಕೆ ಕಟ್ಟಿದ್ದ ತಿಯೆಶೆಂಗ್ ಒಡೆದ ತುಟಿಯಲ್ಲಿ ಕರೆದ. ರುಯಿಲಿನ್ ಹೋಗಲಾರದೆ ಹೋದ. ಬೈಗುಳ ಬರಲಿ, ಉಗುಳು ಬರಲಿ ಎಂದು ಮುಖ ಒಡ್ಡಿದ. ತಿಯೆಶೆಂಗ್ ಅವನನ್ನು ನೋಡಲಿಲ್ಲ. ಕಾಲ ಬಳಿಯ ಹಲಗೆಗಳನ್ನು, ತೋಪಿನ ಹಳಿಯ ಸುತ್ತ ಸಾಲಾಗಿ ಕೂತ ರಿವೆಟ್‌ಗಳ ಗುಂಡು ತಲೆಗಳನ್ನು ನೋಡುತ್ತಿದ್ದ.

‘ನೋಡಿ, ಒಂದೂ ಕಿತ್ತಿಲ್ಲ. ಅಷ್ಟೂ ನಾನೇ ಬಡಿದಿದ್ದು.’ ರಕ್ತ ನುಂಗಿದ. ‘ಒಂದಾದ್ರೂ ಸಡಿಲ ಬಿಡಬಾರದಿತ್ತಾ ನಾನು? ಎಂಥ ಬೋಳಿಮಗ ಭಾವ ನಾನು, ಅಷ್ಟು ಗಟ್ಟಿಯಾಗಿ ಬಡಿದೆ.’

ಊರಿನಿಂದ ಸಣ್ಣ ದೋಣಿಯೊಂದು ಹೊರಟಿತು. ಮುಂಭಾಗದಲ್ಲಿ ಕೋಲಿಗೆ ಕಟ್ಟಿದ ಬಿಳಿಯ ಬಟ್ಟೆ, ಹಿಂದೆ ಹುಟ್ಟುಹಾಕುವ ಮುದುಕ ಒಬ್ಬನೇ. ದೋಣಿಯ ತಳದಲ್ಲಿ ಇಬ್ಬರು ಹರೆಯದವರನ್ನು ಹಂದಿಗಳಂತೆ ಕೈಕಾಲು ಕಟ್ಟಿ ಮಲಗಿಸಿತ್ತು. ಮುದುಕನ ಜಡೆಯ ತುಂಬ ಸುಣ್ಣದ ಧೂಳು. ರುಯಿಲಿನ್‌ಗೆ ಗುರುತು ಸಿಕ್ಕಿತು: ಮನೆತನದ ಹಿರಿಯ, ಸುಝೆನ್‌ಳ ದೊಡ್ಡಪ್ಪ, ಮದುವೆಯ ದಿನ ಕೆಂಪು ಮದ್ಯ ಕುಡಿಸಿ ಕುಡಿಸಿ ಇವನನ್ನು ನಗಿಸಿದವನು. ಡೆಕ್ಕಿಗೆ ಹತ್ತಿ, ಕಂಬದಲ್ಲಿದ್ದ ತಿಯೆಶೆಂಗ್‌ನ ಕಡೆ ಒಮ್ಮೆ ನೋಡಿ, ಕಾವಲಿನವರನ್ನು ಕೊಂದವರು ಇವರೇ ಎಂದು ಕಟ್ಟಿದವರನ್ನು ಒಪ್ಪಿಸಿ, ಕುಳಿತುಕೊಳ್ಳಲು ಯಾರೂ ಹೇಳದಿದ್ದರೂ ಕುಳಿತುಕೊಂಡ.

‘ಇದನ್ನ ಮಾಡಿದೋರು ಯಾರು ದಣಿ?’ ಎಂದು ತೋಪಿನ ಕಡೆ ನೋಡಿ ಕೇಳಿದ.

ಕ್ವಾಂಗ್ ಖುಷಿಯಾಗಿದ್ದ. ‘ಇಗೋ, ಇವರು. ನಮ್ಮವರೇ. ಪರದೇಶಿಗಳ ಕೈಯೇ ಇಲ್ಲ ಇದರಲ್ಲಿ.’

ಮುದುಕ ತಿರುಗಿದ. ಬಹಳ ಹೊತ್ತು ನೋಡಿದ. ‘ಓ,’ ಎಂದ. ‘ಅಳಿಯಂದಿರು.’ ಊಟಕ್ಕೆ ಬಂದವರನ್ನು ಬಾಗಿಲಲ್ಲಿ ಕಂಡಾಗಿನ ಅದೇ ದನಿ. ರುಯಿಲಿನ್‌ನ ಬೆನ್ನು ಅಭ್ಯಾಸದಿಂದ ತಾನಾಗಿ ಬಾಗಿತು. ‘ಇದಕ್ಕೆ ಎಷ್ಟು ನೀರು ಬೇಕು ಅಳಿಯಂದಿರೇ?’

‘ಆರಡಿ.’

‘ಚಳಿಗಾಲಕ್ಕೆ ನಮ್ಮ ತೊರೇಲಿ ನಾಲ್ಕೇ ಇರೋದು.’ ಮುದುಕ ತಲೆಯಾಡಿಸಿಕೊಂಡ. ಸವಾಲಲ್ಲ ಅದು. ಉಳಿದವರನ್ನು ಮನಸ್ಸಿನಲ್ಲೇ ಎಣಿಸುತ್ತ, ಎಲ್ಲಿಯವರೆಗೆ ಉಸಿರು ಹಿಡಿದರೆ ಸಾಕೆಂದು ಲೆಕ್ಕಹಾಕುತ್ತಿದ್ದ ಅಷ್ಟೆ.

ಕ್ವಾಂಗ್ ನಕ್ಕುಬಿಟ್ಟ. ‘ಕೇಳಿದ್ರಾ ವೆಂಗ್? ನಾಲ್ಕಡೀಲಿ ಓಡೋದೊಂದು ಮಾಡೋಕಾಗುತ್ತಾ?’

ರುಯಿಲಿನ್ ಅತ್ತೆಯ ಮುಖ ನೆನೆಸಿಕೊಳ್ಳಲು ಹವಣಿಸಿದ. ಕೆಸುವಿನ ಬುಟ್ಟಿ ಬಂತು, ಒಡಲಿಗೆ ತಟ್ಟಿದ ಅಂಗೈ ಬಂತು. ಅಂಗೈಯ ಹಿಂದೆ ಒಡಲು ಬಂತು, ಒಡಲು ತಾನಾಗಿ ಅಗಲವಾಗತೊಡಗಿತು, ತಳ ಚಪ್ಪಟೆಯಾಯಿತು, ನೀರು ತಳ್ಳಲು ಒಂದರ ಬದಲು ಎರಡು ಚಕ್ರ, ಬಾಯ್ಲರ್ ಇನ್ನಷ್ಟು ಹಿಂದಕ್ಕೆ. ನಿಲ್ಲು ಎಂದ. ನಿಲ್ಲಲಿಲ್ಲ. ಗೆರೆಗಳು ಒಂದರ ಮೇಲೊಂದು ಬಂದು ತಾವೇ ಕೂಡಿಕೊಳ್ಳುತ್ತಿದ್ದವು.

ಮುದುಕ ಎದ್ದು, ಹಗ್ಗದ ಏಣಿ ಹಿಡಿದು ದೋಣಿಗಿಳಿದ. ಹುಟ್ಟು ತೆಗೆದುಕೊಂಡು, ಬೀಗರ ಮನೆಯವರನ್ನು ಬೀಳ್ಕೊಡುವಾಗ ಮಾಡುವಂತೆ ಎರಡೂ ಮುಷ್ಟಿ ಜೋಡಿಸಿ ಎತ್ತಿದ.

‘ಸುಝೆನ್‌ಗೆ ಹೇಳಿ ಅಳಿಯಂದಿರೇ, ಅಮ್ಮ ಹೋದ್ಲು ಅಂತ. ಮಗಳು ಬರೋತನಕ ಮಣ್ಣು ಮಾಡಲ್ಲ. ಅವಳೊಬ್ಬಳನ್ನೇ ಕಳಿಸಿ. ನೀವು ಬರೋದು ಬೇಡ.’

ಅಳಿಯನಾದವನು ಹಿರಿಯರ ಮಾತಿಗೆ ತಲೆಯಾಡಿಸಬೇಕಾದ ರೀತಿಯಲ್ಲೇ ರುಯಿಲಿನ್ ತಲೆಯಾಡಿಸಿದ. ದೋಣಿ ಸದ್ದಿಲ್ಲದೆ ಜೊಂಡಿನ ಕಡೆ ತಿರುಗಿತು.

‘ಹೇಳಿ ಮತ್ತೆ,’ ಎಂದ ಕ್ವಾಂಗ್ ಬೆನ್ನ ಹಿಂದಿನಿಂದ, ಗೆಳೆಯನಂತೆ. ‘ನಾಲ್ಕಡಿಗೆ ಇಳಿಸ್ಬೇಕಾದ್ರೆ ಎಷ್ಟು ಅಗಲ ಮಾಡ್ಬೇಕಾಗುತ್ತೆ?’

ರುಯಿಲಿನ್ ಹೇಳಿದ.